ಅಪ್ಪನ ಮೀಸೆಯಲ್ಲೊಂದು ಮೈಕು

“ಸುಮ್ನಿರು ಶೀಲಾ, ಉಸಿರು ಕೂಡ ಜೋರಾಗಿ ಬಿಡ್ಬೇಡ! ಈಗ ಸಕ್ಕರೆ ಕರಗೋ ಸದ್ದು ಕೇಳ್ಸುತ್ತೆ!”

ನನ್ನ ಯಜಮಾನರು ರೇವಣಸಿದ್ದಯ್ಯನವರು ನನ್ನ ಕಾಫಿ ಲೋಟದ ಮೇಲೆ ಚಿಮುಟ ಹಿಡಿದುಕೊಂಡು ನಿಂತಿದ್ದರು. ಚಿಮುಟದ ತುದಿಯಲ್ಲಿ ನನಗೆ ಏನೂ ಕಾಣಲಿಲ್ಲ. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದ ಮೇಲೆ ಎಳ್ಳಿನ ಗಾತ್ರದ ಒಂದು ಕರಿ ಚುಕ್ಕೆ ಕಂಡಿತು. ಮೇಜಿನ ಮೇಲೆ ಹಳೆಯ ಬಿಸ್ಕತ್ತಿನ ಡಬ್ಬಿ, ಡಬ್ಬಿಗೆ ಎರಡು ತಿರುಗಿಸುವ ಗುಂಡಿ, ಅದರ ಪಕ್ಕ ಒಂದು ಸ್ಪೀಕರು.

ನಾನು ಒಂದು ಚಮಚ ಸಕ್ಕರೆ ಹಾಕಿದೆ. ಸ್ಪೀಕರಿನೊಳಗೆ ಗುಡ್ಡ ಕುಸಿದಂತೆ ಧಡಧಡ ಸದ್ದಾಯಿತು!

“ಕೇಳಿದ್ಯಾ? ಇದು ಕಂಡೆನ್ಸರ್ ಮೈಕು! ಪ್ರಪಂಚದಲ್ಲೇ ಇಷ್ಟು ಸಣ್ಣದು ಇನ್ನೊಂದಿಲ್ಲ! ಸ್ಟೇಜಲ್ಲಿ ನಿಲ್ಸಿರ್ತಾರಲ್ಲ ದಪ್ಪ ಮೈಕು, ಅದು ಸೋಮಾರಿ. ತುಟಿ ತಾಗಿಸಿ ಕಿರುಚಿದ್ರೇನೇ ಅದಕ್ಕೆ ಎಚ್ಚರ ಆಗೋದು. ಇದರೊಳಗೆ ಒಂದು ಪೊರೆ ಐತೆ, ಈರುಳ್ಳಿ ಸಿಪ್ಪೆಗಿಂತ ತೆಳು. ಗಾಳಿ ಸೋಕಿದ್ರೆ ಸಾಕು, ನಡುಗಿಬಿಡುತ್ತೆ. ಹಾಡೋರ ಗಂಟಲಿನ ಒಂದೊಂದು ಎಳೇನೂ ಹಿಡಿಯುತ್ತೆ!”

“ಅಷ್ಟು ಒಳ್ಳೇದಾದ್ರೆ ಎಲ್ಲಾರೂ ಇದನ್ನೇ ಯಾಕ್ರೀ ಇಟ್ಕೊಳ್ಳಲ್ಲ?”

“ಹಾಡಿನ ಜೊತೆಗೆ ಬೇಡದ್ದನ್ನೂ ಹಿಡಿದುಬಿಡುತ್ತೆ ಅಂತ ಹೆದರ್ತಾರೆ. ನಾನು ಹೆದರಲ್ಲ!”

ಅವರು ಹೆದರುವುದಿಲ್ಲ, ಅದು ನಿಜ. ತುಮಕೂರಿನ ನಮ್ಮ ಬಡಾವಣೆಯಲ್ಲಿ ಅವರದು ಮೋಟಾರ್ ವೈಂಡಿಂಗ್ ಅಂಗಡಿ. ಮಿಕ್ಸಿ, ಫ್ಯಾನು, ಬೋರ್‌ವೆಲ್ ಮೋಟಾರು ರಿಪೇರಿಗೆ ಅವರನ್ನು ಬಿಟ್ಟರಿಲ್ಲ. ಆದರೆ ರಿಪೇರಿ ಮುಗಿದ ಮೇಲೆ ಸುಮ್ಮನೆ ಮನೆಗೆ ಬರುವ ಜಾಯಮಾನ ಅವರದಲ್ಲ. ಹೋದ ವರ್ಷ ತಾನಾಗಿಯೇ ದೋಸೆ ಮಗುಚುವ ಕಾವಲಿ ಮಾಡಿದ್ದರು. ಅದು ಮಗುಚಿದ ಮೊದಲ ದೋಸೆ ಪಕ್ಕದ ಮನೆ ಸರ್ವಮಂಗಳಮ್ಮನವರ ತುಳಸಿ ಕಟ್ಟೆಯ ಮೇಲೆ ಹೋಗಿ ಬಿತ್ತು. ಆಗಲೂ ಇವರು, “ದಿಕ್ಕು ಒಂದು ಸರಿ ಮಾಡಿದ್ರೆ ಮುಗೀತು” ಅಂದಿದ್ದರು.

ಅಷ್ಟರಲ್ಲಿ ಸ್ಪೀಕರಿನಿಂದ ಸರ್ವಮಂಗಳಮ್ಮನವರ ಪಿಸುಮಾತೇ ಹೊರಟಿತು! ಅವರು ತಮ್ಮ ಅಡುಗೆಮನೆಯಲ್ಲಿ ಸೊಸೆಯ ಕಿವಿಯಲ್ಲಿ ಹೇಳುತ್ತಿದ್ದ ಮಾತು ನಮ್ಮ ನಡುಮನೆಯಲ್ಲಿ ಗುಡುಗಿತು.

“ಶೀಲಾ ಮಾಡೋ ಹೋಳಿಗೇನಾ? ಮುರಿಯೋಕೆ ಕೊಡಲಿ ಬೇಕಮ್ಮ!”

“ಮಾತು ಸ್ಪಷ್ಟವಾಗಿ ಐತಾ?” ಎಂದು ಯಜಮಾನರು ಹಿಗ್ಗಿನಿಂದ ಕೇಳಿದರು.

“ಸ್ಪಷ್ಟವಾಗೇ ಐತೆ!” ಎಂದು ನಾನು ಸೌಟು ತೆಗೆದುಕೊಂಡು ಕಿಟಕಿಯ ಕಡೆ ಹೊರಟೆ. ಅವರು ಡಬ್ಬಿಯನ್ನು ಆರಿಸಿ ನನ್ನನ್ನು ಹಿಡಿದು ಕೂರಿಸಿದರು.

ಇಷ್ಟಕ್ಕೂ ಈ ಮೈಕು ಹುಟ್ಟಿದ್ದು ನಮ್ಮ ಅಪ್ಪನಿಗಾಗಿ. ಅಪ್ಪ ಚನ್ನವೀರಪ್ಪನವರಿಗೆ ಎಪ್ಪತ್ತೊಂದು ವರ್ಷ. ಹಿಂದೆ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. “ಗುಬ್ಬಿ, ನಿಟ್ಟೂರು, ತಿಪಟೂರೂ!” ಎಂದು ಅವರು ಒಮ್ಮೆ ಕೂಗಿದರೆ ಮುಂದಿನ ಸ್ಟಾಪಿನಲ್ಲಿ ಜನ ಗಂಟುಮೂಟೆ ಎತ್ತಿಕೊಂಡು ಸಿದ್ಧರಾಗುತ್ತಿದ್ದರಂತೆ. ಅಂಥ ಗಂಟಲನ್ನು ನಮ್ಮ ಬಡಾವಣೆಯ ಕಲಾ ಸಂಘ ಬಿಟ್ಟೀತೇ? ಮೂವತ್ತು ವರ್ಷದಿಂದ ಸಂಘದ ನಾಟಕದಲ್ಲಿ ಅಪ್ಪನೇ ರಾಜ ವಜ್ರಕೇತು. ‘ವಜ್ರಕೇತು ಗರ್ವಭಂಗ’ ನಮ್ಮ ಹಾರ್ಮೋನಿಯಂ ಮೇಷ್ಟ್ರು ಸ್ವತಃ ಬರೆದ ನಾಟಕ. ಹೊರಗೆ ಯಾರೂ ಅದರ ಹೆಸರು ಕೇಳಿಲ್ಲ. ನಮಗೆ ಮಾತ್ರ ಅದೇ ದೊಡ್ಡ ನಾಟಕ. ಅಪ್ಪನ ಮಾತುಗಳನ್ನು ಕೇಳಿ ಕೇಳಿ ನನಗೆ ನಾಟಕ ಪೂರ್ತಿ ಬಾಯಿಪಾಠವಾಗಿದ್ದರಿಂದ, ಪರದೆಯ ಮರೆಯಲ್ಲಿ ಕೂತು ಮಾತು ಮರೆತವರಿಗೆ ಹೇಳಿಕೊಡುವ ಕೆಲಸ ನನ್ನದು.

ಈಚೆಗೆ ಅಪ್ಪನ ದನಿ ಬಿದ್ದುಹೋಗಿತ್ತು. ತಾಳ, ಶ್ರುತಿ, ಭಾವ ಎಲ್ಲ ಹಾಗೇ ಇದ್ದವು, ಸದ್ದು ಮಾತ್ರ ಇರಲಿಲ್ಲ. ಹಿಂದಿನ ತಿಂಗಳು ಸಂಘದ ಅಧ್ಯಕ್ಷ ಪಂಚಾಕ್ಷರಪ್ಪನವರು ನಮ್ಮ ಮನೆಗೇ ಬಂದು, ನಾನು ಕೊಟ್ಟ ಕಾಫಿಯನ್ನೇ ಕುಡಿದು, ಬಾಯಿ ಒರೆಸಿಕೊಂಡು ಹೇಳಿದರು.

“ಚನ್ನವೀರಣ್ಣ, ಬೇಜಾರ್ ಮಾಡ್ಕೋಬೇಡಿ. ಹೋದ್ ಸಲ ನೀವು ಬಾಯಿ ಆಡ್ಸಿದ್ದು ಕಾಣ್ತು, ಮಾತು ಬರ್ಲಿಲ್ಲ. ಈ ಸಲ ನಾನೇ ಕೊನೇ ಸಾಲಲ್ಲಿ ಕೂತ್ಕೋತೀನಿ. ನಂಗೆ ಕೇಳಿದ್ರೆ ಕಿರೀಟ ನಿಮ್ಮ ತಲೆ ಮೇಲೇ ಇರುತ್ತೆ. ಕೇಳದಿದ್ರೆ ಮುಂದಿನ ಸಲದಿಂದ ಉಜ್ಜಿನಪ್ಪ ರಾಜ.”

ಉಜ್ಜಿನಪ್ಪ ಟೈಲ್ಸ್ ಅಂಗಡಿಯವನು. ಸೇನಾಪತಿಯ ಪಾತ್ರ ಮಾಡುತ್ತಾನೆ. ದನಿ ದೊಡ್ಡದು, ಶ್ರುತಿಗೂ ಅವನಿಗೂ ಮಾತುಕತೆ ಇಲ್ಲ.

ಅಧ್ಯಕ್ಷರು ಹೋದ ಮೇಲೆ ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅಟ್ಟದಿಂದ ಕಿರೀಟ ಇಳಿಸಿ, ತೊಡೆಯ ಮೇಲಿಟ್ಟುಕೊಂಡು ಒರೆಸುತ್ತ ಕೂತಿದ್ದರು. ಅಮ್ಮ ತೀರಿಕೊಂಡ ಮೇಲೂ ಅಪ್ಪನನ್ನು ಎಬ್ಬಿಸಿ ನಿಲ್ಲಿಸಿದ್ದು ಈ ನಾಟಕವೇ. ಅದನ್ನೂ ಕಿತ್ತುಕೊಂಡರೆ ಅವರಿಗೆ ಇನ್ನೇನು ಉಳಿಯುತ್ತದೆ?

ಯಜಮಾನರು ಆ ದಿನವೇ ಅಂಗಡಿಗೆ ಅರ್ಧ ಬಾಗಿಲು ಎಳೆದು ಕೂತವರು, ಇಪ್ಪತ್ತು ದಿನಕ್ಕೆ ಎದ್ದರು. ಮೈಕೊಂದನ್ನೇ ಮಾಡಿದ್ದರೆ ಅದು ಬೇರೆ ಮಾತು. ಇಪ್ಪತ್ತೆಂಟು ವರ್ಷದ ಹಿಂದೆ, ನಾಟಕದ ದಿನ ಯಾರೋ ರೆಕಾರ್ಡು ಮಾಡಿದ್ದ ಅಪ್ಪನ ಕ್ಯಾಸೆಟ್ಟು ನನ್ನ ಟ್ರಂಕಿನಲ್ಲಿತ್ತು. ಸಕ್ಕರೆಯ ಪರೀಕ್ಷೆ ಆದ ಮೇಲೆ ಅದನ್ನು ಮೂರು ದಿನ ಬಿಡದೆ ಆ ಡಬ್ಬಿಗೆ ಕೇಳಿಸಿದರು.

“ಡಬ್ಬಿ ಮಾವನ ಹಳೇ ದನೀನ ಪೂರಾ ಕಲ್ತುಬಿಟ್ಟೈತೆ. ಮೈಕು ಈಗಿನ ಸಣ್ಣ ದನೀನ ಹಿಡಿಯುತ್ತೆ. ಡಬ್ಬಿ ಅದಕ್ಕೆ ಆಗಿನ ಮೈಕಟ್ಟು ತೊಡ್ಸುತ್ತೆ. ಸ್ಪೀಕರಲ್ಲಿ ಬರೋದು ನಲವತ್ತಮೂರರ ಚನ್ನವೀರಪ್ಪ! ಸದ್ದು ಎಷ್ಟು ಮೆತ್ತಗಿದ್ರೆ ಅಷ್ಟು ಜೋರಾಗಿ ಎತ್ತಿ ಹಿಡಿಯುತ್ತೆ!”

ಮೈಕನ್ನು ಎಲ್ಲಿ ಇಡುವುದು ಎಂಬುದಕ್ಕೂ ಅವರೇ ಉತ್ತರ ಕಂಡುಕೊಂಡಿದ್ದರು. ರಾಜನ ಹುರಿಮೀಸೆಯ ನಡುವೆ, ಮೂಗಿನ ಕೆಳಗೆ, ಗೋಂದಿನಲ್ಲಿ ಅಂಟಿಸಿದರು. ಬಾಯಿಗೆ ಅಷ್ಟು ಹತ್ತಿರದ ಜಾಗ ಬೇರೆಲ್ಲಿದೆ? ನೋಡಿದವರಿಗೆ ಅಲ್ಲೊಂದು ಮೈಕಿದೆ ಎಂದು ಗೊತ್ತೂ ಆಗುವುದಿಲ್ಲ.

ಅಪ್ಪ ಮೀಸೆ ಕಟ್ಟಿಕೊಂಡು ನಡುಮನೆಯಲ್ಲಿ ನಿಂತರು. ಸಂಕೋಚದಿಂದ, ಸಣ್ಣಗೆ, “ಎಲೆಲೆ ಸೇನಾಪತಿ! ಯಾರೆಂದುಕೊಂಡೆ ಈ ವಜ್ರಕೇತುವನ್ನು!” ಎಂದರು.

ಸ್ಪೀಕರಿನಿಂದ ಹೊರಟ ದನಿಗೆ ಗೋಡೆಯ ಕ್ಯಾಲೆಂಡರು ಅಲುಗಿತು! ಅದು ನನ್ನ ಬಾಲ್ಯದ ದನಿ. ಬಸ್ಸಿನಿಂದಿಳಿದು, ಬೀದಿಯ ಕೊನೆಯಿಂದಲೇ ನನ್ನ ಹೆಸರು ಹಿಡಿದು ಕೂಗುತ್ತಿದ್ದ ದನಿ. ನನಗೆ ತಡೆಯಲಾಗಲಿಲ್ಲ, ಸೆರಗಿನಿಂದ ಕಣ್ಣೊರೆಸಿಕೊಂಡೆ. ಅಪ್ಪ ಮೀಸೆಯನ್ನು ಮುಟ್ಟಿ ನೋಡಿಕೊಂಡು, “ಅಳಿಯಂದ್ರೇ, ಇದು ನಾನೇ ಕಣ್ರೀ! ಎಲ್ಲಿ ಹೋಗಿದ್ದೆ ಇಷ್ಟು ದಿನ!” ಎಂದರು.

ಆದರೂ ನನಗೊಂದು ಅನುಮಾನ. “ಮೀಸೆ ಹತ್ರ ಬೇರೆಯವರ ಮಾತು ಬಿದ್ರೆ ಏನ್ರೀ ಗತಿ?”

“ಮಾವನ ಮೂಗಿನ ಕೆಳಗೆ ಬೇರೆಯವರು ಯಾಕೆ ಬರ್ತಾರೆ? ದೂರ ನಿಂತು ಮಾತಾಡಿದ್ರೂ ಈ ಮೈಕು ಹಿಡಿಯುತ್ತೆ. ಅವರ ದನೀನ ಡಬ್ಬಿ ಹಂಗೇ ಬಿಟ್ಕೊಡುತ್ತೆ.”

“ಪರೀಕ್ಷೆ ಮಾಡಿದೀರಾ?”

“ಲೆಕ್ಕ ಹಾಕಿದೀನಿ!”

ಯಜಮಾನರು ಒಂದು ದಿನವೂ ಬಣ್ಣ ಹಚ್ಚಿದವರಲ್ಲ, ಅದೇ ತೊಂದರೆಯಾದದ್ದು. ನಮ್ಮ ಸಂಘದ ನಟರಿಗೆ ರಂಗದ ಮೇಲೆ ಒಂದೇ ಧರ್ಮ. ಮಾತಾಡುವ ಮುಂಚೆ ಮೈಕಿನ ಬಳಿಗೆ ಹೋಗಬೇಕು. ಕತ್ತಿಯುದ್ಧ ನಡೆದಿರಲಿ, ಕಾಡಿಗೆ ಬೆಂಕಿ ಬಿದ್ದಿರಲಿ, ಮಾತು ಬಂದ ಕೂಡಲೇ ಎಲ್ಲ ಬಿಟ್ಟು ನಡುರಂಗಕ್ಕೆ ನಡೆದು ಮೈಕಿಗೆ ಮುಖ ಒಡ್ಡಿ ಹೇಳಿ, ಮತ್ತೆ ತಮ್ಮ ಜಾಗಕ್ಕೆ ಬಂದು ಯುದ್ಧ ಮುಂದುವರಿಸುತ್ತಾರೆ. ಸತ್ತು ಬಿದ್ದ ಸೈನಿಕನೊಬ್ಬ ತನ್ನ ಮಾತು ಬಾಕಿ ಇದೆಯೆಂದು ಎದ್ದು ಹೋಗಿ ಹೇಳಿ ಬಂದು ಮತ್ತೆ ಸತ್ತದ್ದನ್ನು ನಾನೇ ನೋಡಿದ್ದೇನೆ!

ನಾಟಕ ಭಾನುವಾರ ಬೆಳಿಗ್ಗೆ ಹತ್ತೂವರೆಗೆ. ಊರಿನ ದೊಡ್ಡ ಸಭಾಂಗಣವನ್ನೇ ಹಿಡಿದಿದ್ದರು. ಬೆಳಿಗ್ಗೆಯೇ ಹೋಗಿ ಯಜಮಾನರು ರಂಗದ ಮೇಲಿದ್ದ ಐದು ದಪ್ಪ ಮೈಕುಗಳನ್ನೂ ತೆಗೆಸಿ ಮೂಲೆಗೆ ಒರಗಿಸಿದರು. ನಟರಿಗೆಲ್ಲ ಎದೆ ಉಬ್ಬಿಸಿಕೊಂಡು, “ಇವತ್ತು ಇಡೀ ನಾಟಕಕ್ಕೆ ಒಂದೇ ಮೈಕು! ಅದು ರಾಜರ ಮೀಸೇಲಿ ಐತೆ! ಯಾರೂ ಯೋಚನೆ ಮಾಡ್ಬೇಡಿ!” ಎಂದು ಸಾರಿದರು.

ಅವರು ಹೇಳಬಾರದಿದ್ದ ಮಾತು ಅದೊಂದೇ.

ನಾನು ಪುಸ್ತಕ ಹಿಡಿದು ಪರದೆಯ ಮರೆಯಲ್ಲಿ ಕೂತೆ. ಯಜಮಾನರು ಡಬ್ಬಿಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತರು. ಪರದೆಯ ಸಂದಿಯಿಂದ ನೋಡಿದರೆ ಸಭಾಂಗಣದಲ್ಲಿ ಆರುನೂರು ಜನ. ಕಟ್ಟಕಡೆಯ ಸಾಲಿನಲ್ಲಿ, ಬಾಗಿಲ ಪಕ್ಕ, ಅಧ್ಯಕ್ಷರು ಕೈಕಟ್ಟಿ ಕೂತಿದ್ದರು. ಅವರ ಮಗ್ಗುಲಲ್ಲಿ ಸಂಘದ ಖಜಾಂಚಿ.

ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದರು. ಪರದೆ ಸರಿಯಿತು. ಅಪ್ಪ ಜರಿ ಪಂಚೆ, ಕಿರೀಟ, ಹುರಿಮೀಸೆಯಲ್ಲಿ ಬಂದು ನಿಂತು ಮೊದಲ ಪದ್ಯ ಎತ್ತಿದರು.

ಏನು ಹೇಳಲಿ! ಆ ದನಿ ಸಭಾಂಗಣದ ಮೂಲೆಮೂಲೆಗೆ ನುಗ್ಗಿತು. ಹಳಬರು ಕುರ್ಚಿಯಿಂದ ಅರ್ಧ ಎದ್ದರು. “ಚನ್ನವೀರಪ್ಪಾ, ವನ್ಸ್ ಮೋರ್!” ಎಂದು ಶಿಳ್ಳೆ ಹೊಡೆದರು. ಕೊನೆಯ ಸಾಲಿನಲ್ಲಿ ಅಧ್ಯಕ್ಷರ ಕಟ್ಟಿದ ಕೈ ಬಿಚ್ಚಿಹೋಯಿತು.

“ನೋಡಿದ್ಯಾ!” ಎಂದು ಯಜಮಾನರು ನನ್ನನ್ನು ತಿವಿದರು.

“ನೋಡ್ದೆ. ಡಬ್ಬಿ ಮುಟ್ಬೇಡಿ. ಹಂಗೇ ಇರ್ಲಿ!”

ಎರಡನೇ ದೃಶ್ಯಕ್ಕೆ ಎಲ್ಲ ಕೆಟ್ಟಿತು.

ಸೆರೆಮನೆಯಲ್ಲಿರುವ ರಾಣಿ ದೂರದಿಂದ ರಾಜನನ್ನು ಕಂಡು ಗೋಳಿಡಬೇಕು. ರಾಣಿಯ ಪಾತ್ರಕ್ಕೆ ತಿಪಟೂರಿನಿಂದ ಬಂದಿದ್ದ ಕಲಾವಿದೆ ಪಂಕಜಮ್ಮ ಮಾತು ಬಂದ ಕೂಡಲೇ ಅಭ್ಯಾಸದಂತೆ ನಡುರಂಗಕ್ಕೆ ನಡೆದರು. ಅಲ್ಲಿ ಮೈಕಿಲ್ಲ. ಒಂದು ಕ್ಷಣ ತಬ್ಬಿಬ್ಬಾಗಿ ನಿಂತು, ಆಮೇಲೆ ನೆನಪಾಗಿ, ಸೀದಾ ಅಪ್ಪನ ಬಳಿ ಬಂದು, ಮೀಸೆಗೆ ಮುಖ ಒಡ್ಡಿ ಗೋಳಿಟ್ಟರು.

“ಸ್ವಾಮೀ! ಅಬಲೆಯಾದ ನನ್ನನ್ನು ಸೆರೆಯಲ್ಲಿಟ್ಟು ನಿಮಗೇನು ಸುಖ!”

ಸ್ಪೀಕರಿನಿಂದ ಅದೇ ಮಾತು ಅಪ್ಪನ ಗಂಡು ದನಿಯಲ್ಲಿ ಗುಡುಗಿತು. ಇಡೀ ಸಭಾಂಗಣ ಗೊಳ್ಳೆಂದಿತು. ಪಂಕಜಮ್ಮ ಬೆಚ್ಚಿ ಹಿಂದೆ ಸರಿದು, “ಅಯ್ಯೋ, ನನ್ನ ಗಂಟಲು!” ಎಂದರು. ಅದೂ ಅಪ್ಪನ ದನಿಯಲ್ಲೇ!

“ಡಬ್ಬಿ ಬೇರೆಯವರ ದನೀನ ಹಂಗೇ ಬಿಟ್ಕೊಡುತ್ತೆ ಅಂದ್ರಲ್ರೀ!” ಎಂದು ನಾನು ಹಲ್ಲು ಕಚ್ಚಿದೆ.

“ಅದಕ್ಕೆ ಬೇರೆ ದನಿ ಅನ್ನೋದೇ ಗೊತ್ತಿಲ್ಲ ಅಂತ ಕಾಣುತ್ತೆ. ಮೂರು ದಿನ ಮಾವನ ಕ್ಯಾಸೆಟ್ ಒಂದೇ ಕೇಳ್ಸಿದ್ನಲ್ಲ. ಪ್ರಪಂಚದಲ್ಲಿ ಇರೋದೇ ಒಂದು ಗಂಟ್ಲು ಅಂದ್ಕೊಂಡೈತೆ!” ಎನ್ನುವಾಗಲೂ ಅವರ ಮುಖದಲ್ಲಿ ಹೆಮ್ಮೆಯೇ ಇತ್ತು.

ಗಾಬರಿಯಲ್ಲಿ ಅಪ್ಪ ಮುಂದಿನ ಮಾತು ಮರೆತರು. ನಾನು ಮರೆಯಿಂದ ಪಿಸುಗುಟ್ಟಿದೆ: “ಮಡದಿ, ರಾಜಧರ್ಮ ನಿನಗೇನು ಗೊತ್ತು!” ನನ್ನ ಪಿಸುಮಾತು ಮೆತ್ತಗಿದ್ದಷ್ಟೂ ಡಬ್ಬಿಗೆ ಹುರುಪು. ಅಪ್ಪ ಬಾಯಿ ತೆರೆಯುವ ಮುಂಚೆಯೇ ಅಪ್ಪನ ದನಿ ಆ ಮಾತು ಹೇಳಿ ಮುಗಿಸಿತು! ಅಪ್ಪ ಹೆದರಿ ತಮ್ಮ ಗಂಟಲು ಹಿಡಿದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ ಕಣ್ಣು ಕೆಂಪಗೆ ಮಾಡಿ, “ನನ್ನ ಮಾತು ನಾನೇ ಆಡ್ತೀನಿ ಕಣಮ್ಮ, ನೀನು ಸುಮ್ನಿರು!” ಎಂದರು. ಅದು ಆರುನೂರು ಜನಕ್ಕೂ ಕೇಳಿಸಿತು.

ಮುಂದಿನ ಸರದಿ ಸೇನಾಪತಿ ಉಜ್ಜಿನಪ್ಪನದು. ಅವನಿಗೆ ಇವತ್ತು ಇಡೀ ಊರಿಗೆ ತನ್ನ ದನಿ ತೋರಿಸುವ ಆಸೆ. ಎದೆ ತುಂಬ ಉಸಿರು ತೆಗೆದುಕೊಂಡು, ಅಪ್ಪನ ಮೂಗಿಗೆ ಮೂಗು ತಾಗಿಸಿ ನಿಂತು ಪದ್ಯ ಎತ್ತಿದ. ಡಬ್ಬಿ ಅವನ ಶ್ರುತಿಯನ್ನೂ ತಿದ್ದಿತೋ ಏನೋ, ಪದ್ಯ ಸೊಗಸಾಗಿ ಬಂತು. ಆದರೆ ಅಪ್ಪನ ದನಿಯಲ್ಲಿ!

“ವನ್ಸ್ ಮೋರ್!” ಎಂದರು ಜನ. ಉಜ್ಜಿನಪ್ಪ ಸಂತೋಷದಿಂದ ಕೈಮುಗಿದ. “ನಿಂಗಲ್ಲಯ್ಯಾ, ಚನ್ನವೀರಪ್ಪಂಗೆ!” ಎಂದು ಯಾರೋ ಕೂಗಿದರು.

ಅವನಿಗೆ ರೋಷ ಬಂತು. ತನ್ನ ದನಿ ಬರುವವರೆಗೂ ಬಿಡುವುದಿಲ್ಲವೆಂದು ಇನ್ನೂ ಹತ್ತಿರ ಸರಿದು, ಇನ್ನೂ ಜೋರಾಗಿ ಕಿರುಚಿದ. ಮೇಲೆ ದೀಪಗಳ ಕಾವು. ಬೆವರಿಗೆ ಇಬ್ಬರ ಮೀಸೆಯ ಗೋಂದೂ ಕರಗಿತ್ತು. ಅಪ್ಪನ ಮೀಸೆಗೆ ಉಜ್ಜಿನಪ್ಪನ ಮೀಸೆ ಅಂಟಿಕೊಂಡಿತು!

ರಾಜನೂ ಸೇನಾಪತಿಯೂ ಮೂತಿಗೆ ಮೂತಿ ಕೂಡಿಕೊಂಡು ರಂಗದ ತುಂಬ ಸುತ್ತು ಹೊಡೆದರು.

“ಬಿಡಯ್ಯಾ!” ಎಂದರು ಅಪ್ಪ.

“ನೀವೇ ಬಿಡಿ!” ಎಂದ ಉಜ್ಜಿನಪ್ಪ.

ಎರಡೂ ಒಂದೇ ದನಿಯಲ್ಲಿ ಕೇಳಿದ್ದರಿಂದ ಯಾರು ಯಾರನ್ನು ಬಿಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಮೇಷ್ಟ್ರು ಇದು ಯುದ್ಧವೇ ಇರಬೇಕೆಂದು ಯುದ್ಧದ ತಾಳ ಹಾಕಿದರು. ಕೊನೆಗೆ ಪಂಕಜಮ್ಮ ಹಿಂದಿನಿಂದ ಉಜ್ಜಿನಪ್ಪನ ಸೊಂಟ ಹಿಡಿದು ಎಳೆದರು. ಪರ್ರ್ ಎಂದು ಅವನ ಮೀಸೆ ಕಿತ್ತುಬಂದು ಅಪ್ಪನ ಮೀಸೆಗೇ ಜೋತುಬಿತ್ತು. ಈಗ ಅಪ್ಪನಿಗೆ ಎರಡು ಮೀಸೆ, ಸೇನಾಪತಿಗೆ ಒಂದೂ ಇಲ್ಲ. ಚಪ್ಪಾಳೆ ನಿಲ್ಲುವಂತೆ ಕಾಣಲಿಲ್ಲ.

“ಮೈಕಿನ ಮೇಲೆ ಇನ್ನೊಂದು ಮೀಸೆ ಮುಚ್ಕೊಂಡುಬಿಡ್ತು. ಮಾವನ ದನಿ ಕಮ್ಮಿ ಆಗುತ್ತೆ,” ಎಂದು ಯಜಮಾನರು ಡಬ್ಬಿಯ ಗುಂಡಿಗೆ ಕೈ ಹಾಕಿದರು.

“ಬೇಡ ಕಣ್ರೀ!”

“ನಂಗೊತ್ತೈತೆ ಸುಮ್ನಿರೇ!” ಎಂದು ಅವರು ಗುಂಡಿಯನ್ನು ಕೊನೆಯವರೆಗೂ ತಿರುಗಿಸಿಬಿಟ್ಟರು.

ಅಲ್ಲಿಗೆ ಆ ಎಳ್ಳಿನ ಗಾತ್ರದ ಮೈಕಿಗೆ ಇಡೀ ಸಭಾಂಗಣ ಅಂಗೈಯಲ್ಲಿ ಹಿಡಿದಂತಾಯಿತು. ಹತ್ತನೇ ಸಾಲಿನಲ್ಲಿ ಒಂದು ಮಗು ಅತ್ತಿತು. ರಂಗದ ಮೇಲೆ ವಜ್ರಕೇತು ಮಹಾರಾಜ “ಉಂಗಾ, ಉಂಗಾ!” ಎಂದು ಗರ್ಜಿಸಿದ. ಅದರ ತಾಯಿ “ಅಳ್ಬೇಡ ಚಿನ್ನಾ, ಹಾಲು ಕೊಡ್ತೀನಿ” ಎಂದು ರಮಿಸಿದಳು. ಮಹಾರಾಜನೇ ತನಗೆ ತಾನು ಹಾಲು ಕೊಡುತ್ತೇನೆಂದ. ಅಪ್ಪ ಎರಡು ಮೀಸೆ ಹೊತ್ತು, ಬಾಯಿ ಬಿಗಿದುಕೊಂಡು, ನಡುರಂಗದಲ್ಲಿ ಕಲ್ಲಾಗಿ ನಿಂತಿದ್ದರು. ಅವರ ಅವಮಾನ ನನಗೆ ಅರ್ಥವಾಗುತ್ತಿತ್ತು. ಕೈಚಾಚಿ ಡಬ್ಬಿಯ ತಂತಿ ಕೀಳೋಣವೆಂದರೆ ಯಜಮಾನರು ಅದನ್ನು ಅಪ್ಪಿಕೊಂಡು ಕೂತಿದ್ದರು.

ಆಗ ಸ್ಪೀಕರಿನಿಂದ, ಅಪ್ಪನ ಭರ್ಜರಿ ದನಿಯಲ್ಲಿ, ಈ ಮಾತು ಬಂತು.

“ಇವನ ಮಾತು ನಂಗೆ ಕೇಳಿದ್ರೂ ಅಷ್ಟೇ, ಕೇಳದಿದ್ರೂ ಅಷ್ಟೇ! ಉಜ್ಜಿನಪ್ಪಂಗೆ ಹೋದ್ ತಿಂಗ್ಳೇ ಮಾತು ಕೊಟ್ಟಾಗೈತೆ. ಹೊಸ ಕಿರೀಟಕ್ಕೆ ಅವನ ತಲೆ ಅಳತೇನೂ ತಗೊಂಡಾಗೈತೆ. ಮುದುಕನ ಸಮಾಧಾನಕ್ಕೆ ಇಲ್ಲಿ ಬಂದು ಕೂತಿದೀನಿ, ಅಷ್ಟೇ!”

ನಾನು ಪುಸ್ತಕದ ಹಾಳೆ ತಿರುವಿದೆ. ಆ ಮಾತು ಪುಸ್ತಕದಲ್ಲಿ ಇರಲಿಲ್ಲ. ಅಪ್ಪನ ತುಟಿ ಅಲುಗಿರಲಿಲ್ಲ. ಕೊನೆಯ ಸಾಲಿನಲ್ಲಿ ಅಧ್ಯಕ್ಷರು ಖಜಾಂಚಿಯ ಕಿವಿಯ ಬಳಿ ಬಗ್ಗಿದ್ದರು!

ಸಭೆ ಮಾತ್ರ ಮಂತ್ರ ಹಾಕಿದಂತೆ ಕೂತಿತ್ತು. “ಬಾಯಿ ತೆಗೀದೇ ಎಂಥಾ ಮಾತು ಆಡ್ತಾನೆ ನೋಡು!” ಎಂದು ಮುಂದಿನ ಸಾಲಿನವರೊಬ್ಬರು ಮೆಚ್ಚಿದರು.

ಅಪ್ಪನಿಗೆ ಎಲ್ಲ ತಿಳಿಯಿತು. ಅವರ ಮುಖ ನೋಡಲಾಗುತ್ತಿರಲಿಲ್ಲ. ಎಪ್ಪತ್ತೊಂದು ವರ್ಷದ ಮನುಷ್ಯನನ್ನು ಪರೀಕ್ಷೆಗೆ ನಿಲ್ಲಿಸಿ, ಮೊದಲೇ ಫಲಿತಾಂಶ ಬರೆದಿಟ್ಟಿದ್ದರು! ನನಗೆ ಅಧ್ಯಕ್ಷರ ಮೇಲೆ ಬಂದ ಸಿಟ್ಟಿಗೆ ಕೈಲಿದ್ದ ಪುಸ್ತಕದ ಹಾಳೆ ಹರಿಯಿತು. ಆದರೆ ಅಪ್ಪ ಕುಗ್ಗಲಿಲ್ಲ. ಕತ್ತಿಯ ಹಿಡಿಯ ಮೇಲೆ ಕೈಯಿಟ್ಟು, ಕೊನೆಯ ಸಾಲಿಗೆ ಕಣ್ಣು ನೆಟ್ಟು ಹೇಳಿದರು.

“ಹಿಂದೆ ಕೂತು ಗುಸುಗುಸು ಅನ್ನೋದೇನು ಪಂಚಾಕ್ಷರಪ್ಪ? ಎದ್ ನಿಂತು ಮಾತಾಡು!”

ಆರುನೂರು ತಲೆಗಳು ಹಿಂದಕ್ಕೆ ತಿರುಗಿದವು. ಅಧ್ಯಕ್ಷರು ತಡಬಡಿಸಿ ಎದ್ದರು.

“ನಾನು ಏನೂ ಅಂದಿಲ್ಲ!” ಎಂದರು.

ರಂಗದ ಮೇಲಿಂದ ಅಪ್ಪನ ದನಿ, “ನಾನು ಏನೂ ಅಂದಿಲ್ಲ!” ಎಂದಿತು.

“ನೀನೇ ಅಂದಿದ್ದು!” ಎಂದರು ಅಪ್ಪ.

“ಸುಳ್ಳು! ಅದು ನಿನ್ನ ದನಿ, ನನ್ನ ದನಿ ಅಲ್ಲ!” ಎಂದು ಅಪ್ಪನ ದನಿಯೇ ಅಪ್ಪನಿಗೆ ಹೇಳಿತು.

ಹೀಗೆ ಅಪ್ಪ ತಮ್ಮ ದನಿಯ ಜೊತೆಗೆ ತಾವೇ ಐದು ನಿಮಿಷ ಜಗಳವಾಡಿದರು. ಅಧ್ಯಕ್ಷರು ಬಾಯಿ ತೆರೆದಷ್ಟೂ ಸಿಕ್ಕಿಬಿದ್ದರು. ಕಡೆಗೆ ತಾಳ್ಮೆಗೆಟ್ಟು, “ಹೌದಯ್ಯಾ, ಕಿರೀಟದ ಅಳತೆ ತಗೊಂಡಿದ್ದು ನಿಜ! ಏನೀಗ?” ಎಂದುಬಿಟ್ಟರು. ವಜ್ರಕೇತುವಿನ ರಾಜಗಾಂಭೀರ್ಯದಲ್ಲಿ ಆ ಒಪ್ಪಿಗೆ ಮೂಲೆಮೂಲೆಗೂ ತಲುಪಿತು.

ಉಜ್ಜಿನಪ್ಪ ಬೋಳು ತುಟಿಯನ್ನು ಕೈಯಿಂದ ಮುಚ್ಚಿಕೊಂಡ.

ಜನಕ್ಕೆ ಈಗ ಪೂರ್ತಿ ಅರ್ಥವಾಯಿತು. ಯಾರೋ ಒಬ್ಬರು ಎದ್ದು, “ಚನ್ನವೀರಪ್ಪನೇ ನಮ್ ರಾಜ!” ಎಂದರು. ಅದರ ಹಿಂದೆ ಇಡೀ ಸಭಾಂಗಣ ಎದ್ದು ಕೂಗಿತು. ಆ ಮೈಕು ಆರುನೂರು ಗಂಟಲನ್ನೂ ಒಟ್ಟಿಗೆ ಹಿಡಿದು, ಡಬ್ಬಿ ಆರುನೂರಕ್ಕೂ ಒಂದೇ ದನಿ ತೊಡಿಸಿ ಹೊರಗೆ ಬಿಟ್ಟಿತು. ಆರುನೂರು ಚನ್ನವೀರಪ್ಪಂದಿರು ಒಬ್ಬ ಚನ್ನವೀರಪ್ಪನಿಗೆ ಜೈಕಾರ ಹಾಕಿದರು! ಛಾವಣಿಯ ಸುಣ್ಣ ಉದುರಿತು. ಹೊರಗೆ ನಿಂತಿದ್ದ ಮೋಟಾರ್ ಬೈಕುಗಳು ತಾವಾಗಿಯೇ ಪೀಂ ಪೀಂ ಎಂದು ಕೂಗಿಕೊಂಡವು.

“ತನಗೆ ತಾನೇ ಜೈ ಅನ್ಕೊಂತಾನೆ, ನಾಚ್ಕೆ ಇಲ್ವಾ!” ಎಂದು ಅಧ್ಯಕ್ಷರು ಕಿರುಚಿದರು. ಅದೂ ಆ ಜೈಕಾರದಲ್ಲಿ ಸೇರಿ ಹೋಯಿತು.

“ಎಲ್ಲಾ ಮಾವಾನೇ! ಊರಿಗೆ ಊರೇ ಮಾವ!” ಎಂದು ಯಜಮಾನರು ಕುಣಿದರು. ಅದೇ ಹೊತ್ತಿಗೆ ಡಬ್ಬಿಯಿಂದ ಹೊಗೆ ಎದ್ದಿತು, ಟಪ್ ಎಂದಿತು, ಸ್ಪೀಕರುಗಳು ಸತ್ತವು.

ಎದ್ದು ನಿಂತಿದ್ದ ಜನ ಮತ್ತೆ ಕುರ್ಚಿಗಳಲ್ಲಿ ಕೂತರು.

ನಾಟಕದಲ್ಲಿ ಇನ್ನು ಉಳಿದದ್ದು ಒಂದೇ ಪದ್ಯ. ಗರ್ವ ಇಳಿದ ವಜ್ರಕೇತು ಕಿರೀಟ ಕೆಳಗಿಟ್ಟು ಹಾಡುವ ಪದ್ಯ. ಉಜ್ಜಿನಪ್ಪ ಓಡಿಹೋಗಿ ಮೂಲೆಯಿಂದ ಒಂದು ದಪ್ಪ ಮೈಕು ತಂದ. ಆದರೆ ಮೈಕಿನ ಸೆಟ್ಟೇ ಸುಟ್ಟು ಕೂತಿತ್ತು. ಅಪ್ಪ ನನ್ನ ಕಡೆ ನೋಡಿದರು. ನಾನು ಏನು ಹೇಳಿಕೊಡಲಿ? ಮಾತು ಅವರಿಗೆ ಗೊತ್ತಿತ್ತು. ಇಲ್ಲದಿದ್ದದ್ದು ದನಿ.

ಅಪ್ಪ ಎರಡೂ ಮೀಸೆಗಳನ್ನು ಕಿತ್ತು ಉಜ್ಜಿನಪ್ಪನ ಕೈಗೆ ಕೊಟ್ಟರು. ಕಿರೀಟ ತೆಗೆದು ನೆಲಕ್ಕಿಟ್ಟರು. ಮೇಷ್ಟ್ರ ಕಡೆ ತಲೆಯಾಡಿಸಿ, ತಮ್ಮ ಈಗಿನ ದನಿಯಲ್ಲಿ, ಯಾವ ಅವಸರವೂ ಇಲ್ಲದೆ ಹಾಡತೊಡಗಿದರು.

“ಆಳಿದೆನೆಂದೆ ನಾನು, ಆಳಿದುದು ನೆಳಲನ್ನು...”

ಹತ್ತಡಿ ದೂರದಲ್ಲಿದ್ದ ನನಗೇ ಸರಿಯಾಗಿ ಕೇಳಲಿಲ್ಲ. ಮೂರನೇ ಸಾಲಿನವರು ಮುಂದಕ್ಕೆ ಬಾಗಿದರು. ಐದನೇ ಸಾಲಿನವರು ಕಿವಿಗೆ ಕೈ ಹಿಡಿದರು. ಮುಗಿಯಿತು, ಇನ್ನು ಒಬ್ಬೊಬ್ಬರಾಗಿ ಎದ್ದು ಹೋಗುತ್ತಾರೆ ಎಂದುಕೊಂಡೆ. ಎಂಟನೇ ಸಾಲಿನಲ್ಲಿ ಒಬ್ಬ ಮುದುಕಿ ನಿಜವಾಗಿಯೂ ಎದ್ದಳು. ಆದರೆ ಬಾಗಿಲ ಕಡೆ ಹೋಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದು, ರಂಗದ ಕೆಳಗೆ ನೆಲದ ಮೇಲೆ ಕಾಲು ಮಡಿಸಿ ಕೂತಳು. ಅವಳ ಹಿಂದೆ ಇಬ್ಬರು ಬಂದರು. ಆಮೇಲೆ ಸಾಲಿಗೆ ಸಾಲೇ ಎದ್ದಿತು! ಮಗುವನ್ನು ಎತ್ತಿಕೊಂಡ ತಾಯಿ, ಊರುಗೋಲಿನ ಹಳಬರು, ಶಿಳ್ಳೆ ಹೊಡೆದಿದ್ದ ಹುಡುಗರು, ಎಲ್ಲರೂ ಚಪ್ಪಲಿ ಸದ್ದು ಮಾಡದೆ ಬಂದು ನೆಲದ ಮೇಲೆ, ನಡುದಾರಿಯಲ್ಲಿ, ರಂಗದ ಮೆಟ್ಟಿಲ ಮೇಲೆ ಒತ್ತಿಕೊಂಡು ಕೂತರು. ಅಪ್ಪ ಅದೇ ಸಾಲನ್ನು ಮತ್ತೊಮ್ಮೆ, ಇನ್ನೂ ಮೆತ್ತಗೆ ಹಾಡಿದರು. ಯಾರೂ ಕೆಮ್ಮಲಿಲ್ಲ.

ಅಳಬಾರದೆಂದುಕೊಂಡಿದ್ದೆ. ಅತ್ತುಬಿಟ್ಟೆ.

ಕೊನೆಯ ಸಾಲಿನಲ್ಲಿ ಅಧ್ಯಕ್ಷರೊಬ್ಬರೇ ಉಳಿದಿದ್ದರು. ಖಜಾಂಚಿಯೂ ಯಾವಾಗಲೋ ಮುಂದೆ ಬಂದು ಮೆಟ್ಟಿಲ ಮೇಲೆ ಜಾಗ ಹಿಡಿದಿದ್ದ. ಅಧ್ಯಕ್ಷರು ಸ್ವಲ್ಪ ಹೊತ್ತು ಕತ್ತು ಚಾಚಿ ನೋಡಿದರು. ಏನು ನಡೆಯುತ್ತಿದೆಯೋ ತಿಳಿಯದೆ ಚಡಪಡಿಸಿದರು. ಕೊನೆಗೆ ಅವರೂ ಎದ್ದು, ಪಂಚೆ ಎತ್ತಿ ಕಟ್ಟಿಕೊಂಡು, ಜನರ ಕಾಲು ತುಳಿಯುತ್ತ ಬಂದು, ಆ ಮುದುಕಿಯ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತರು.

ಪದ್ಯ ಮುಗಿಯಿತು. ಅಪ್ಪ ಕೆಳಗೆ ನೋಡಿ ಕೇಳಿದರು.

“ಏನ್ ಅಧ್ಯಕ್ಷರೇ, ಕೊನೇ ಸಾಲಿಗೆ ಕೇಳ್ತಾ?”

“ಕೊನೇ ಸಾಲಲ್ಲಿ ಯಾರಿದ್ರು ಚನ್ನವೀರಣ್ಣ, ಕೇಳ್ಲಿಲ್ಲ ಅನ್ನೋಕೆ!” ಎಂದು ಅಧ್ಯಕ್ಷರು ತಲೆ ಕೆರೆದುಕೊಂಡರು. ಸುತ್ತಲೂ ಆರುನೂರು ಜನ ಅವರ ಬಾಯನ್ನೇ ನೋಡುತ್ತಿದ್ದರು. ಅವರಿಗೆ ಬೇರೆ ದಾರಿಯೂ ಇರಲಿಲ್ಲ. “ಕಿರೀಟ ಎತ್ಕೊಳ್ಳಿ. ನಿಮ್ದೇ!”

ಮನೆಗೆ ಬಂದ ಮೇಲೆ ಅಪ್ಪ ಎರಡು ತಟ್ಟೆ ಊಟ ಮಾಡಿದರು. ಯಜಮಾನರು ಕರಕಲಾದ ಡಬ್ಬಿಯನ್ನು ಮುಂದಿಟ್ಟುಕೊಂಡು ತಮ್ಮ ನೋಟ್‌ಬುಕ್ಕಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದರು: ‘ಸಣ್ಣ ಮೈಕಿನ ಪ್ರಯೋಗ ಯಶಸ್ವಿ. ಕೊನೆಯ ಸಾಲಿನವರೂ ಪೂರ್ತಿ ಕೇಳಿದರು.’

“ಅದು ಸುಟ್ಟುಹೋದ ಮೇಲೆ ಕೇಳಿದ್ರು ಅಂತಾನೂ ಬರೀರಿ,” ಎಂದೆ.

ಪುಟದಲ್ಲಿ ಜಾಗವಿಲ್ಲ ಎಂದರು. ನಾನು ಬಗ್ಗಿ ನೋಡಿದೆ. ಅರ್ಧ ಪುಟ ಖಾಲಿ ಇತ್ತು.